ಅಗ್ನಿಶಿಖೆಯ ಗೆಡ್ಡೆ

ಊರಿಗೆಲ್ಲ ಅವಳು ಬಳ್ಳಿಯಕ್ಕ. ಹಿತ್ತಲಾಚೆಯ ತುಂಡು ಜಮೀನಿನಲ್ಲಿ ಅವಳು ಬೆಳೆಯುತ್ತಿದ್ದದ್ದು ಅಗ್ನಿಶಿಖೆಯೊಂದೇ. ಎಲೆಯ ತುದಿಯನ್ನೇ ಬೆರಳಿನಂತೆ ಸುತ್ತಿ ತಂತಿ ಹಿಡಿದು ಮೇಲೇರುವ ಬಳ್ಳಿ ಅದು. ಎಸಳು ಬುಡದಲ್ಲಿ ಹಳದಿ, ತುದಿಯಲ್ಲಿ ಕೆಂಪು. ಒಲೆಯ ಉರಿಯ ಹಾಗೆ ಮೇಲಕ್ಕೇ ಚಾಚಿಕೊಂಡಿರುತ್ತದೆ. ದುಂಬಿಯನ್ನು ನಂಬಿ ಕೂತರೆ ಕಾಯಿ ಕಟ್ಟುವುದು ಅಷ್ಟಕ್ಕಷ್ಟೇ ಅಂತ, ಬೆಳಗಾದರೆ ಕುಂಚ ಹಿಡಿದು ಹೂವಿಂದ ಹೂವಿಗೆ ಪರಾಗ ಮುಟ್ಟಿಸುತ್ತಾ ಹೋಗುವಳು. "ನಿಮ್ಮ ಸೊಸೆ ಹೂಗಳಿಗೆ ಮದುವೆ ಮಾಡಿಸ್ತಾಳೆ" ಎಂದು ನೆರೆಯವರು ಅತ್ತೆಯನ್ನು ಛೇಡಿಸುತ್ತಿದ್ದರು. ಬೀಜ ಹೋಗುತ್ತಿದ್ದದ್ದು ಔಷಧಿ ಕಾರ್ಖಾನೆಗೆ, ಕೀಲುನೋವಿನ ಮಾತ್ರೆಗೆ. ಗಿಡದ ಮೈಯೆಲ್ಲ ವಿಷ. ಗೆಡ್ಡೆಯಂತೂ ಸಾಕ್ಷಾತ್ ಯಮ.

ಆ ವರ್ಷ ಬಳ್ಳಿ ಒಣಗಿದ ಮೇಲೆ ಗೆಡ್ಡೆ ಅಗೆದು, ಮುಂದಿನ ನಾಟಿಗೆಂದು ಕೊಟ್ಟಿಗೆಯಲ್ಲಿ ಮರಳೊಳಗೆ ಹೂತಿಡುತ್ತಿದ್ದಳು. ಮರಳು ಸಾಲಲಿಲ್ಲ. ಉಳಿದ ಬುಟ್ಟಿಯನ್ನು ಜಗಲಿಯ ಮೇಲಿಟ್ಟು ಮರಳು ತರಲು ಹೋದಳು. ಬಂದಾಗ ಅಡುಗೆಮನೆಯಲ್ಲಿ ಏನೋ ಬೆಂದ ವಾಸನೆ. ಕಣ್ಣು ಮಂಜಾದ ಅತ್ತೆ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು.

"ಏನು ಬೇಯಿಸಿದ್ರಿ ಅತ್ತೆ?"

"ಜಗಲೀಲಿ ಗೆಣಸಿತ್ತಲ್ಲೇ. ಒಂದೇ ಒಂದು ತಿಂದೆ. ಕಹಿ ಕಣೇ."

ಬಾಂಡ್ಲಿ ಕೈಜಾರಿ ಮರಳೆಲ್ಲ ನೆಲದ ಪಾಲಾಯಿತು. "ಅದು ಗೆಣಸಲ್ಲ ಅತ್ತೆ!"

"ಏನೂ ಆಗಿಲ್ಲ ಬಿಡು, ಗುಂಡುಕಲ್ಲಿನ ಹಾಗಿದ್ದೀನಿ."

ಆ ಮಾತೇ ಅವಳನ್ನು ಇನ್ನಷ್ಟು ಹೆದರಿಸಿತು. ಈ ವಿಷ ಗಂಟೆಗಟ್ಟಲೆ ಬಾಯಿಬಿಡದೆ ಒಳಗೆ ಕೂತಿರುತ್ತದೆಂದು ಅವಳಿಗೆ ಗೊತ್ತಿತ್ತು. ಗೊಣಗುತ್ತಿದ್ದ ಅತ್ತೆಯನ್ನು ಆಟೋ ಹತ್ತಿಸಿದಳು, ಮಿಕ್ಕ ಗೆಡ್ಡೆಯನ್ನೂ ಚೀಲಕ್ಕೆ ಹಾಕಿಕೊಂಡಳು.

ಆಸ್ಪತ್ರೆಯ ಡಾಕ್ಟರಮ್ಮ ಗೆಡ್ಡೆ ನೋಡಿದ್ದೇ, ವಿಷ ಹೀರಿಕೊಳ್ಳಲೆಂದು ಇದ್ದಿಲಿನ ಪುಡಿ ಕಲಸಿ ಕುಡಿಸಿದರು. "ಬೇಗ ತಂದಿದ್ದು ಒಳ್ಳೇದಾಯ್ತು. ಆದ್ರೆ ಇದಕ್ಕೆ ಮಾರುಮದ್ದು ಇಲ್ಲಮ್ಮ. ನೋಡೋಣ."

"ಬದುಕ್ತಾರಾ?"

"ಈಗ್ಲೇ ಹೇಳೋಕಾಗಲ್ಲ."

ಸಂಜೆಗೆ ವಾಂತಿ ಶುರುವಾಯಿತು, ಬೆನ್ನಿಗೇ ಭೇದಿ. ಅತ್ತೆಯ ಮುಖ ಬಿಳಿಚಿಕೊಂಡಿತು. ಲಾರಿ ಓಡಿಸುತ್ತಿದ್ದ ಗಂಡ ಸುದ್ದಿ ತಿಳಿದು ಓಡಿ ಬಂದ. ಬುಟ್ಟಿಯನ್ನು ಅಲ್ಲೇಕೆ ಇಟ್ಟೆ ಎಂದು ಅವನು ಕೇಳಲಿಲ್ಲ. ಕೇಳಿ ಬೈದಿದ್ದರೆ ಹಗುರಾಗುತ್ತಿತ್ತು. ಇಬ್ಬರೂ ಬೆಂಚಿನ ಮೇಲೆ ಕೂತರು. ನರ್ಸ್ ಬಾಗಿಲು ತೆಗೆದಾಗಲೆಲ್ಲ ಅವಳು ಎದ್ದು ನಿಲ್ಲುತ್ತಿದ್ದಳು.

ಗಟ್ಟಿಜೀವ, ಅತ್ತೆ ಉಳಿದುಕೊಂಡರು. ಮನೆಗೆ ಬಂದ ಮೇಲೆ ಬಾಚಣಿಗೆಗೆ ಹಿಡಿಹಿಡಿ ಕೂದಲು ಬಂತು. ಅದೂ ಆ ವಿಷದ ಗುಣವೇ, ಮತ್ತೆ ಬೆಳೆಯುತ್ತದೆ ಎಂದರು ಡಾಕ್ಟರಮ್ಮ.

"ತಲೆ ಬಾಚೋ ಕೆಲಸ ತಪ್ಪಿಸಿದೆಯಲ್ಲೇ ಪುಣ್ಯಾತ್ಗಿತ್ತಿ!" ಎಂದು ಅತ್ತೆ ನಕ್ಕರು. ಸೊಸೆಗೆ ನಗು ಬರಲಿಲ್ಲ.

ಕೊಟ್ಟಿಗೆಗೆ ಬೀಗ ಬಿತ್ತು. ಮಳೆ ಬಂದಾಗ ಅವಳು ಮತ್ತೆ ನಾಟಿ ಮಾಡಿದಳು. ಬೇರೆ ಕಸುಬು ಗೊತ್ತಿರಲಿಲ್ಲ. ಆದರೆ ಮಧ್ಯಾಹ್ನ ಅತ್ತೆ ತುಸು ಹೆಚ್ಚು ಹೊತ್ತು ಮಲಗಿದರೆ ಸಾಕು, ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಂತು, ಅವರ ಎದೆ ಏರಿಳಿಯುವುದನ್ನೇ ನೋಡುತ್ತಿದ್ದಳು.

"ಬದುಕಿದ್ದೀನಿ ಕಣೇ" ಎನ್ನುತ್ತಿದ್ದರು ಅತ್ತೆ, ಕಣ್ಣು ಮುಚ್ಚಿಕೊಂಡೇ. ಆದರೂ ಅವಳು ಇನ್ನೊಂದಿಷ್ಟು ಹೊತ್ತು ನಿಂತೇ ಇರುತ್ತಿದ್ದಳು.