ಮಸ್ಕಿ ಸಂತೆಯ ದಾರಿಯಲ್ಲಿ ಮುಂದೆ ನಡೆದವರು

ಬಳಗಾನೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ, ನಿಜಾಮನ ಕಾಲದಲ್ಲಿ ಮಸ್ಕಿ ಸಂತೆಗೆ ಹೋಗುತ್ತಿದ್ದ ನಡಿಗೆಯ ಕೂಟವನ್ನು ಕಟ್ಟಿದವರು ಯಾರು ಅಂತ. ಸೂಗಪ್ಪಗೌಡರು ಅಂತ ಅನ್ನುತ್ತಾರೆ. ಎದೆ ತಟ್ಟಿಕೊಂಡು ಅನ್ನುತ್ತಾರೆ. ಹಸಿ ಸುಳ್ಳು ಅದು. ಕಟ್ಟಿದವಳು ಕೇರಿಯ ಗದ್ದೆಮ್ಮ. ಗೌಡರು ಮಾಡಿದ್ದೇನೆಂದರೆ, ಅವಳು ಕಟ್ಟಿದ್ದನ್ನು ತಮ್ಮದು ಮಾಡಿಕೊಂಡದ್ದು. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ. ಬರಲಿ ಬಿಡಿ, ಸಿಟ್ಟು ಬರಬೇಕಾದ ಮಾತಿದು.

ಗದ್ದೆಮ್ಮ ಈಚಲ ಗರಿಯ ಕಸಬರಿಗೆ ಕಟ್ಟಿ ಮಾರುವವಳು. ಗಂಡ ಮುದುಕಪ್ಪ ಕಂಡವರ ಹೊಲದಲ್ಲಿ ದುಡಿಯುವವನು. ಒಂದು ಸಂತೆಯ ದಿನ ಗದ್ದೆಮ್ಮನಿಗೆ ಜ್ವರ. ಮುದುಕಪ್ಪ ತಾನೇ ಕಸಬರಿಗೆಯ ಹೊರೆ ಹೊತ್ತು ಒಬ್ಬನೇ ಮಸ್ಕಿಯ ದಾರಿ ಹಿಡಿದ. ಆ ಕಾಲದಲ್ಲಿ ದಾರಿಯಲ್ಲಿ ಒಬ್ಬನೇ ಸಿಕ್ಕ ಬಡವ ಸರ್ಕಾರದ ಆಳು. ಯಾರೋ ದೊಡ್ಡ ಸಾಹೇಬರು ಊರೂರು ತಿರುಗುವ ದೌರೆಯ ಮೇಲೆ ಬಂದಿದ್ದರು. ಅವರ ಮಂಚ, ಹಾಸಿಗೆ, ಪೆಟ್ಟಿಗೆ ಹೊರಲು ತಲೆಗಳು ಬೇಕಿದ್ದವು. ಸಿಪಾಯಿಗಳು ಮುದುಕಪ್ಪನ ಹೊರೆಯನ್ನು ಮುಳ್ಳುಬೇಲಿಗೆ ಎಸೆದು, ಕಬ್ಬಿಣದ ಪೆಟ್ಟಿಗೆ ಹೊರಿಸಿ, ಲಿಂಗಸುಗೂರಿನ ತನಕ ಬಿಟ್ಟಿ ನಡೆಸಿದರು. ಕೂಲಿ ಹಾಗಿರಲಿ, ನೀರು ಕೇಳಿದ್ದಕ್ಕೆ ಒದ್ದರು. ತಿರುಗಿ ಮನೆಗೆ ಬಂದವನು ರಕ್ತ ಕಾರುತ್ತ ಮಲಗಿದ. ದಸರೆಗೆ ಮೊದಲೇ ಅವನನ್ನು ಮಣ್ಣು ಮಾಡಿದರು.

ಗದ್ದೆಮ್ಮ ಅತ್ತದ್ದಕ್ಕಿಂತ ಬೈದದ್ದೇ ಹೆಚ್ಚು. ಸಿಪಾಯಿಗಳನ್ನು ಬೈದಳು, ಸಾಹೇಬನನ್ನು ಬೈದಳು, ಗಂಡ ಹೊರೆ ಹೊತ್ತು ಹೊರಡುವಾಗ ನೋಡಿಕೊಂಡು ಕುಂತಿದ್ದ ಓಣಿಯವರನ್ನೂ ಬಿಡಲಿಲ್ಲ. ಬೈದು ಸಾಕಾದ ಮೇಲೆ ಕೇರಿಯ ಬಾಯಿಗೆ ನಿಂತು ಹೇಳಿದಳು: "ಆ ದಾರ್ಯಾಗ ಇನ್ನ ಯಾರೂ ಒಬ್ಬೊಬ್ರ ಹೋಗಬ್ಯಾಡ್ರಿ. ಯಾರಿಗೆ ಹೋಗೋದೈತಿ, ನನ್ನ ಕರೀರಿ. ನಾ ಜೋಡಿ ಬರ್ತೀನಿ."

ಹೀಗೆ ಶುರುವಾಯಿತು. ಯಾರೂ ಅವಳಿಗೆ ಏನೂ ಕೊಡಲಿಲ್ಲ, ಅವಳು ಕೇಳಲೂ ಇಲ್ಲ. ಸಂತೆಯ ದಿನ ಬೆಳಕು ಹರಿಯುವಾಗ ಊರ ಹೊರಗಿನ ಹುಣಸೆಮರದ ಕೆಳಗೆ ನಿಲ್ಲುವಳು. ಮಸ್ಕಿಗೆ ಹೋಗುವವರು ಬಂದು ಕೂಡುವರು. ಬಳೆ ಮಾರುವ ಸಕೀನಾಬೀ ಮೊದಲು ಬಂದಳು. ಕೇರಿಯ ಹೆಂಗಸರು ಬಂದರು. ಕಡೆಗೆ ಗೌಡರ ಓಣಿಯ ಕೆಲವು ಹೆಂಗಸರೂ ಬಂದರು, ಅವರಲ್ಲಿ ಮೊದಲು ಶೇಖರಮ್ಮ. ಸೂಗಪ್ಪಗೌಡರ ಸತ್ತ ತಮ್ಮನ ಹೆಂಡತಿ, ಮೊಳಕಾಲು ನೋವಿನವಳು, ಆದರೂ ಮಸ್ಕಿ ಗುಡ್ಡದ ಮಲ್ಲಯ್ಯನಿಗೆ ಕಾಯಿ ಒಡೆಸದೆ ಇರಲಾರದವಳು. ಮೊದಮೊದಲು ಶೇಖರಮ್ಮ ಎರಡು ಮಾರು ದೂರ ನಡೆದಳು. ದೂರ ನಡೆದರೆ ಮಾತಾಡಲು ಆಗುವುದಿಲ್ಲ, ಮಾತಿಲ್ಲದೆ ಅಷ್ಟು ದಾರಿ ಸಾಗುವುದಿಲ್ಲ. ಮಳೆಗಾಲ ಮುಗಿಯುವುದರೊಳಗೆ ಆ ಎರಡು ಮಾರು ಎಲ್ಲಿ ಹೋಯಿತೋ ಯಾರೂ ಹುಡುಕಲಿಲ್ಲ.

ಗದ್ದೆಮ್ಮ ಒಂದು ಕಟ್ಟಳೆ ಮಾಡಿದ್ದಳು. ಎಲ್ಲರಿಗಿಂತ ಮೆಲ್ಲಗೆ ನಡೆಯುವವರು ಎಲ್ಲರಿಗಿಂತ ಮುಂದೆ. ಗಟ್ಟಿ ಕಾಲಿನವರು ಹಿಂದೆ. ಎಲ್ಲರ ಕೊನೆಗೆ ತಾನು. ಯಾಕೆಂದರೆ ಸಿಪಾಯಿಗಳದ್ದು ತೋಳನ ಬುದ್ಧಿ, ಹಿಂಡಿನ ನಡುವೆ ಕೈ ಹಾಕುವುದಿಲ್ಲ, ಹಿಂದೆ ಬಿದ್ದದ್ದನ್ನು ಎಳೆಯುತ್ತಾರೆ. ಹಿಂದೆ ಗದ್ದೆಮ್ಮನೇ ಇದ್ದರೆ ಎಳೆಯುವುದು ಯಾರನ್ನು? ಒಮ್ಮೆ ಒಬ್ಬ ಅವಳ ತೋಳಿಗೆ ಕೈ ಹಾಕಿದ. ಅವಳು ಅವನ ಮನೆತನವನ್ನೆಲ್ಲ ಎತ್ತಿ ಕೂಗಿದ್ದಕ್ಕೆ ಮುಂದಿದ್ದವರೆಲ್ಲ ತಿರುಗಿ ಬಂದು ಸುತ್ತುಗಟ್ಟಿ, ತಾವೂ ದನಿ ಸೇರಿಸಿದರು. ಅವನು ಬಿದ್ದ ರುಮಾಲು ಎತ್ತಿಕೊಳ್ಳದೆ ಓಡಿದ. ಮುಂದೆ ಎಷ್ಟೋ ವರ್ಷ ಆ ಕೂಟದಿಂದ ಒಬ್ಬರನ್ನೂ ಬಿಟ್ಟಿಗೆ ಹಿಡಿಯಲಾಗಲಿಲ್ಲ.

ಸೂಗಪ್ಪಗೌಡರಿಗೆ ಇದೆಲ್ಲ ಗೊತ್ತಿತ್ತು, ಸುಮ್ಮನಿದ್ದರು. ಸುಮ್ಮನಿರಲು ಆಗದೆ ಹೋದದ್ದು ಗದ್ದೆಮ್ಮನ ಮಗಳು ಪೀರಮ್ಮ ಬಸುರಿಯಾಗಿ ಹಡೆಯಲು ತವರಿಗೆ ಬಂದಾಗ. ಏಳು ತಿಂಗಳು, ಕಾಲು ಬಾತಿದ್ದವು. ಮಸ್ಕಿಯ ಸೂಲಗಿತ್ತಿ ಪ್ರತಿ ಸಂತೆಗೂ ಬಂದು ಹೊಟ್ಟೆ ತೋರಿಸಿ ಹೋಗು ಅಂದಿದ್ದಳು. ಕಟ್ಟಳೆಯ ಪ್ರಕಾರ ಪೀರಮ್ಮ ಎಲ್ಲರಿಗಿಂತ ಮುಂದೆ ನಡೆದಳು. ಮಗ್ಗುಲಲ್ಲಿ ಮೊಳಕಾಲು ನೋವಿನ ಶೇಖರಮ್ಮ. ಇಬ್ಬರೂ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿಕೊಂಡು ಹೋಗುವುದನ್ನು ಗೌಡರು ತಮ್ಮ ಹೊಲದ ಬದುವಿನಿಂದ ಕಂಡರು. ಕೇರಿಯ ಹುಡುಗಿ ಮುಂದೆ, ತಮ್ಮ ಓಣಿಯ ಹೆಂಗಸರು ಅವಳ ಹಿಂದೆ! 

ಆದರೆ ಗೌಡರು ಸಿಟ್ಟು ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ಗದ್ದೆಮ್ಮ ನೋಡಿಕೊಳ್ಳುತ್ತಿದ್ದಳು. ಅವರು ಮೆತ್ತಗೆ ಬಂದರು.

"ಗದ್ದೆಮ್ಮಾ, ಇಷ್ಟು ಮಂದಿ ಕೂಡಿ ನಡದ್ರ ಪೊಲೀಸ ಅಮೀನಸಾಹೇಬ್ರು ಜಮಾವಣಿ ಮಾಡ್ಯಾರ, ಗುಂಪು ಕಟ್ಯಾರ ಅಂತಾರ. ಜೇಲಿಗೆ ಹಾಕ್ತಾರ. ನಾ ಸಿಂಧನೂರಿಗೆ ಹೋಗಿ ಇಜಾಜತ್ ತರ್ತೀನಿ. ಆಮ್ಯಾಲೆ ನಿಮ್ಮ ಮೈಮ್ಯಾಲೆ ಯಾವನೂ ಕೈ ಹಾಕಂಗಿಲ್ಲ."

"ನಮ್ಮ ಕೇರಿ ಮಂದೀನೂ ಮುಟ್ಟಂಗಿಲ್ಲೇನ್ರಿ, ಗೌಡ್ರ?"

"ನಿಮ್ಮನ್ನೂ."

ಗೌಡರು ಸಿಂಧನೂರಿಗೆ ಹೋಗಿ ಇಜಾಜತ್ತಿನ ಕಾಗದ, ಸರ್ಕಾರದ ಪರವಾನಗಿ, ತಂದರು. ಸಕೀನಾಬೀಗೆ ಅನುಮಾನ ಬಂತು. "ಅಕ್ಕಾ, ಇಜಾಜತ್ ಗೌಡ್ರ ಹೆಸರೀಲೆ ಬಂದೈತಂತ. ಕೂಟ ಇನ್ನ ಅವರದಾತು ನೋಡು."

"ಹೆಸರ ತಗೊಂಡು ಏನ ಮಾಡಾಕಿ ಬೇ? ನಮ್ಮ ಪೀರಿ ಸುಖವಾಗಿ ಹಡದು, ನಾ ಕೂಸಿನ ಮುಖ ನೋಡಿದ್ರ ಸಾಕು," ಅಂದಳು ಗದ್ದೆಮ್ಮ. ಅಷ್ಟು ವರ್ಷ ಆ ದಾರಿಯನ್ನು ಬರೀ ಬಾಯಿಯಿಂದ ಕಾಯ್ದವಳಿಗೆ ಸರ್ಕಾರದ ಕಾಗದ ತನ್ನ ಬಾಯಿಗಿಂತ ಗಟ್ಟಿ ಅನ್ನಿಸಿತು. ಅವಳಿಗೂ ವಯಸ್ಸಾಗಿತ್ತು, ದಣಿದಿದ್ದಳು. ತಪ್ಪು ಅಂತ ಹೇಗೆ ಅನ್ನಲಿ? ಆದರೆ ಅದು ತಪ್ಪೇ.

ಮುಂದಿನ ಸಂತೆಗೆ ಗೌಡರು ಹೊಸ ರುಮಾಲು ಸುತ್ತಿಕೊಂಡು ಹುಣಸೆಮರದ ಕೆಳಗೆ ಬಂದರು. ಇಜಾಜತ್ ಜೇಬಿನಲ್ಲಿತ್ತು. "ಇನ್ನ ಮ್ಯಾಲೆ ಎಲ್ಲಾ ಪದ್ಧತಿ ಪ್ರಕಾರ. ನಾ ಮುಂದ. ನನ್ನ ಹಿಂದ ನಮ್ಮ ಓಣಿ ಮಂದಿ. ಕೇರಿ ಮಂದಿ ಕಡೀಕ," ಅಂದರು. ಗದ್ದೆಮ್ಮ ಬಾಯಿ ತೆರೆಯುವ ಮೊದಲೇ ಎಲ್ಲರ ಎದುರು ಸೇರಿಸಿದರು: "ಗದ್ದೆಮ್ಮ ಮಾತ್ರ ನಡುವ ಇರಲಿ. ಆಕಿ ನಮ್ಮ ಕೂಟದ ದೊಡ್ಡಾಕಿ."

ದೊಡ್ಡಾಕಿ! ಹುಟ್ಟಿದಾಗಿನಿಂದ ಯಾವ ಗೌಡನೂ ಅವಳನ್ನು ಹಾಗೆ ಕರೆದಿರಲಿಲ್ಲ. ಗದ್ದೆಮ್ಮ ಉಬ್ಬಿದಳು. ತಿರುಗಿ ಮಗಳನ್ನು ನೋಡಿದಳು, ಪೀರಮ್ಮ ಕೊನೆಯಲ್ಲಿ ಸೊಂಟಕ್ಕೆ ಕೈ ಕೊಟ್ಟುಕೊಂಡು ನಿಂತಿದ್ದಳು. "ನೀ ನಡಿ ಯವ್ವಾ, ನಾ ಬರ್ತೀನಿ," ಅಂದಳು ಮಗಳು. ಗದ್ದೆಮ್ಮ ನಡುವೆ ಹೋಗಿ ನಿಂತಳು. ಆ ಒಂದು ಗಳಿಗೆಯ ಉಬ್ಬುವಿಕೆಗೆ ಅವಳು ಮುಂದೆ ತನ್ನನ್ನು ತಾನು ಉಗಿದುಕೊಂಡಷ್ಟು ಅಮೀನನನ್ನೂ ಉಗಿಯಲಿಲ್ಲ.

ಗೌಡರು ಗೌಡರ ಕಾಲಲ್ಲಿ ನಡೆದರು, ಬೀಸುಗಾಲು. ಅವರ ಹಿಂದೆ ಅವರ ಓಣಿ ಓಡೋಡುತ್ತ ನಡೆಯಿತು. ಶೇಖರಮ್ಮ ಕುಂಟುತ್ತ ಎರಡು ಸಲ "ಭಾವ, ಸ್ವಲ್ಪ ನಿಂದ್ರಿ" ಅಂದಳು. ಯಾರು ಕೇಳುತ್ತಾರೆ? ಮಸ್ಕಿಗೆ ಮೊದಲು ಬರುವ ಹಳ್ಳವನ್ನು ಮುಂದಿನವರು ದಾಟಿ ದಿಬ್ಬ ಹತ್ತಿದಾಗ ಹಿಂದಿನವರು ಇನ್ನೂ ಜಾಲಿಮುಳ್ಳಿನ ಆಚೆ ಇದ್ದರು. ಆಗ ಕೇಳಿಸಿತು ಪೀರಮ್ಮನ ಕೂಗು: "ಯವ್ವಾ!"

ಗದ್ದೆಮ್ಮ ಬುಟ್ಟಿ ಎಸೆದು ಓಡಿದಳು. ಸಿಪಾಯಿಗಳು ಪೀರಮ್ಮನನ್ನೂ ಕೇರಿಯ ಇನ್ನಿಬ್ಬರು ಹೆಂಗಸರನ್ನೂ ಹಿಡಿದಿದ್ದರು, ಕೇರಿಯ ಉಳಿದವರು ಜಾಲಿಯೊಳಗೆ ಚೆದುರಿದ್ದರು. ಅಮೀನನ ಡೇರೆ ಬಿದ್ದಿತ್ತು, ಅವನ ಕುದುರೆಗಳಿಗೆ ಹಳ್ಳದಿಂದ ನೀರು ಹೊರಬೇಕಿತ್ತು. ಗದ್ದೆಮ್ಮ ಕಿರುಚಿದಳು, ಆದರೆ ತಿರುಗಿ ಬಂದು ಸುತ್ತುಗಟ್ಟಲು ಹತ್ತಿರ ಯಾರಿದ್ದರು? ಮತ್ತೆ ದಿಬ್ಬ ಹತ್ತಿ ಗೌಡರ ಕಾಲಿಗೆ ಬಿದ್ದಳು.

"ಗೌಡ್ರ, ಇಜಾಜತ್ ತೋರಸ್ರಿ! ನನ್ನ ಮಗಳು ಬಸರಿ ಅದಾಳ. ಜಲ್ದಿ ಬರ್ರಿ!"

ಸೂಗಪ್ಪಗೌಡರು ಹಳ್ಳದ ಕಡೆ ನೋಡಿದರು. ಅಮೀನನ ಡೇರೆ ನೋಡಿದರು. ಜೇಬಿನ ಮೇಲೆ ಕೈ ಇಟ್ಟುಕೊಂಡರು, ಒಳಗೆ ಇಡಲಿಲ್ಲ.

"ಇಜಾಜತ್ ಇರೋದು ಕೂಟಕ್ಕ, ಗದ್ದೆಮ್ಮ. ಹಿಂದ ಬಿದ್ದೋರು ಕೂಟದಾಗ ಇರಂಗಿಲ್ಲ."

ಹೀಗಂದು ನಡೆದರು. ಹಿಂದೆ ಬೀಳುವಂತೆ ಮಾಡಿದವರು ಯಾರು, ಗೌಡರೇ? ಅಂತ ಆ ದಿಬ್ಬದ ಮೇಲೆ ಒಬ್ಬರೂ ಕೇಳಲಿಲ್ಲ. ಶೇಖರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತ ಅವರ ಹಿಂದೆ ಹೋದಳು. ಸಕೀನಾಬೀ ಮಾತ್ರ ಉಳಿದಳು.

ಹೊತ್ತು ಇಳಿಯುವ ತನಕ ಪೀರಮ್ಮ ನೀರು ಹೊತ್ತಳು. ಗದ್ದೆಮ್ಮ ಮಗಳ ಬದಲು ತಾನು ಹೊರುತ್ತೇನೆಂದು ಗೋಗರೆದದ್ದಕ್ಕೆ ಅವಳಿಗೂ ಒಂದು ಕೊಡ ಕೊಟ್ಟರು, ಮಗಳದ್ದನ್ನು ಇಳಿಸಲಿಲ್ಲ. ಬಿಟ್ಟು ಕಳಿಸಿದ ಮೇಲೆ ಪೀರಮ್ಮ ಹಳ್ಳದ ತನಕವಷ್ಟೇ ನಡೆದಳು. ಅಲ್ಲೇ ಮರಳಿನ ಮೇಲೆ ಕೂಸು ಬಿತ್ತು. ಗಂಡು. ಅಳಲಿಲ್ಲ. ಸಕೀನಾಬೀ ತನ್ನ ಮೇಲುಸೆರಗು ಹರಿದು ಸುತ್ತಿದಳು. ಗದ್ದೆಮ್ಮ ಹಳ್ಳದ ದಂಡೆಯಲ್ಲಿ ಬರಿಗೈಯಿಂದ ಮಣ್ಣು ತೋಡಿದಳು. ನೋಡಬೇಕೆಂದಿದ್ದ ಕೂಸಿನ ಮುಖವನ್ನು ಅವಳು ನೋಡಿದ್ದು ಅಷ್ಟೇ.

ಪೀರಮ್ಮ ಎದ್ದು ಓಡಾಡುವಂತಾಗುವ ತನಕ ಗದ್ದೆಮ್ಮ ಅವಳ ಬಾಣಂತನ ಮಾಡಿದಳು. ಆಮೇಲೆ ಒಂದು ಸಂತೆಯ ದಿನ ಮಗಳ ಕೈ ಹಿಡಿದುಕೊಂಡು ಹುಣಸೆಮರದ ಕೆಳಗೆ ಬಂದಳು. ಸೂಗಪ್ಪಗೌಡರು ಆಗಲೇ ತಮ್ಮ ಓಣಿಯನ್ನು ಸಾಲು ನಿಲ್ಲಿಸಿದ್ದರು.

"ಬಾ ಗದ್ದೆಮ್ಮ. ಆಗಿದ್ದು ಆಗಿಹೋತು. ನೀ ನಡುವ ನಿಂದ್ರು, ಮಗಳು ಕಡೀಕ ನಿಂದ್ರಲಿ."

"ಕಡೀಕ ನೀವ ನಿಂದರ್ರಿ, ಗೌಡ್ರ," ಅಂದಳು ಗದ್ದೆಮ್ಮ. ದನಿ ಏರಿಸಲೂ ಇಲ್ಲ. "ಕಾಯೋರು ಕಡೀಕ ಇರ್ತಾರ. ನನ್ನ ಗಂಡನ್ನ ಸರ್ಕಾರ ತಿಂತು, ಅದು ನನಗ ಗೊತ್ತಿದ್ದ ವೈರಿ. ನನ್ನ ಮೊಮ್ಮಗನ್ನ ತಿಂದೋರು ನೀವು. ನೀವು ಕಡೀಕ ನಿಂತ್ರ ನಾವು ಮುಂದ ನಡೀತೀವಿ. ಇಲ್ಲಂದ್ರ ಆ ಕಾಗದ ನೀವ ಇಟ್ಕೊಂಡು ನಡೀರಿ."

"ನಾಲಿಗಿ ಬಿಗಿ ಹಿಡಿ! ಇಜಾಜತ್ ಇಲ್ಲದ ನೀ ಹಳ್ಳ ದಾಟ್ತೀಯೇನು?" ಅಂದರು ಗೌಡರು.

ಗದ್ದೆಮ್ಮ ಮಗಳನ್ನು ಮುಂದೆ ಬಿಟ್ಟು ಹೊರಟಳು. ಕೇರಿಯವರು ಹೊರಟರು, ಸಕೀನಾಬೀ ಹೊರಟಳು. ಶೇಖರಮ್ಮ ಒಂದು ಹೆಜ್ಜೆ ಕಿತ್ತಿಟ್ಟಳು. ಭಾವ ಕಣ್ಣು ಬಿಟ್ಟರು, ನಿಂತುಬಿಟ್ಟಳು. ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ, ಮೊಳಕಾಲು ನೋವಿದ್ದರೇನಾಯಿತು.

ಹಳ್ಳದ ಹತ್ತಿರ ಇಬ್ಬರು ಸಿಪಾಯಿಗಳು ಅಡ್ಡ ಬಂದರು. ಒಬ್ಬ ಕೋಲು ಚಾಚಿ ಕೇಳಿದ, "ಏ, ನಿಂದರ್ರಿ! ಇಜಾಜತ್ ಎಲ್ಲೈತಿ?"

ಎಲ್ಲರ ಹಿಂದಿನಿಂದ ಗದ್ದೆಮ್ಮನ ದನಿ ಬಂತು. ಆ ದನಿಗೆ ಜಾಲಿಯ ಮೇಲಿನ ಹಕ್ಕಿಗಳು ಎದ್ದವು.

"ಅಗೋ, ಆ ದಂಡ್ಯಾಗ ಹುಗದೇವಿ! ನಿಮ್ಮ ಕುದುರಿಗೆ ನೀರು ಹೊತ್ತ ಹೊಟ್ಟ್ಯಾಗ ಇತ್ತು. ಹೋಗು, ಅಗದು ತಗದು ನೋಡು!"

ಸಿಪಾಯಿಯ ಕಣ್ಣು ದಂಡೆಯ ಕಡೆ ಹೋಯಿತು. ಅಲ್ಲಿ ಕಲ್ಲು ಹೇರಿದ ಪುಟ್ಟ ಮಣ್ಣಿನ ಗುಡ್ಡೆ ಇತ್ತು. ಅವನು ಕೋಲು ತೆಗೆಯಲಿಲ್ಲ. ಪೀರಮ್ಮನೂ ನಿಲ್ಲಲಿಲ್ಲ. ಅವಳ ಮೆಲ್ಲನೆಯ ನಡಿಗೆಯ ಹಿಂದೆ ಎಲ್ಲರೂ ಮೆಲ್ಲಗೆ ನಡೆಯುತ್ತಲೇ ಬಂದರು. ಅವಳ ಎದೆ ಕೋಲಿಗೆ ತಾಗುವ ಹೊತ್ತಿಗೆ ಅವನೇ ಪಕ್ಕಕ್ಕೆ ಸರಿದು ನೀರಿಗೆ ಇಳಿದು ನಿಂತ.