ಗಿಳಿಯ ಕಣ್ಣಿಗೆ ಜಾಗ

ಅಮ್ಮ ತೀರಿಕೊಂಡ ವರ್ಷ ನನಗೆ ಏನೂ ಆಗಲಿಲ್ಲ. ಹೀಗೆಂದರೆ ಕೇಳಿದವರು ಮುಖ ನೋಡುತ್ತಾರೆ, ಆದರೆ ಇದ್ದದ್ದು ಹಾಗೆಯೇ. ಅಳು ಬರಲಿಲ್ಲ, ನಿದ್ದೆ ಕೆಡಲಿಲ್ಲ, ಊಟ ಸೇರದೆ ಹೋಗಲಿಲ್ಲ. ಚಕ್ಕಳಮಕ್ಕಳ ಹಾಕಿ ಬಹಳ ಹೊತ್ತು ಕೂತರೆ ಕಾಲು ಜೋಮು ಹಿಡಿಯುತ್ತದಲ್ಲ, ಹಾಗೆ ಒಳಗೆಲ್ಲ ಜೋಮು ಹಿಡಿದಿತ್ತು. ಆರ್‌ಪಿಸಿ ಲೇಔಟಿನ ಮನೆಯಿಂದ ಬೆಳಿಗ್ಗೆ ಕೆಲಸಕ್ಕೆ ಹೋಗುತ್ತಿದ್ದೆ, ಸಂಜೆ ಬರುವಾಗ ಸೊಪ್ಪು ತರುತ್ತಿದ್ದೆ. ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡುವುದನ್ನೂ ಬಿಟ್ಟಿರಲಿಲ್ಲ.

ತಂಗಿ ಇರುವುದು ಕೆಂಗೇರಿಯಲ್ಲಿ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದರೆ ಸೀಟು ಬಿಸಿಯಾಗುವುದರೊಳಗೆ ಇಳಿಯಬೇಕು. ಆದರೂ ನಾವಿಬ್ಬರೂ ಮಾತು ಬಿಟ್ಟಿದ್ದೆವು. ಕಾರಣ ಒಂದು ಟಿವಿ ಕವರು.

ನಾವು ಚಿಕ್ಕವರಿದ್ದಾಗ, ರಾಜಾಜಿನಗರದ ಬಾಡಿಗೆ ಮನೆಯಲ್ಲಿ, ಅಮ್ಮ ಟಿವಿಗೆ ಹೊದಿಸಲೆಂದು ಮ್ಯಾಟಿ ಬಟ್ಟೆಯ ಮೇಲೆ, ಚೌಕ ಚೌಕವಾಗಿ ತುಂಬುವ ಕ್ರಾಸ್ ಸ್ಟಿಚ್‌ನಲ್ಲಿ ಒಂದು ಗಿಳಿ ಹಾಕಿದ್ದಳು. ಹಸಿರು ಮೈ, ಕೆಂಪು ಕೊಕ್ಕು. ಕಣ್ಣಿನ ಹೊತ್ತಿಗೆ ಕಪ್ಪು ದಾರ ಮುಗಿದಿತ್ತು. ಅಂಗಡಿಗೆ ಹೋಗಲು ಸೋಮಾರಿತನವಾಗಿ ಡಬ್ಬಿಯಲ್ಲಿದ್ದ ಮರೂನ್ ದಾರದಲ್ಲೇ ಒಂದು ಹೊಲಿಗೆ ಹಾಕಿ ಮುಗಿಸಿಬಿಟ್ಟಳು. ತಂಗಿ ನೋಡಿದ್ದೇ ತಡ, "ಗಿಳಿಗೆ ಮದ್ರಾಸ್ ಐ ಬಂದಿದೆ!" ಎಂದು ಕೂಗಿ, ತನಗೂ ಅಂಟುತ್ತದೆಂದು ಟಿವಿಗೆ ಬೆನ್ನು ಹಾಕಿ ಕೂತಳು. ಎಷ್ಟೋ ದಿನ ಅದೇ ತಮಾಷೆ ನಡೆಯಿತು. ಕೆಳಗಿನ ಎರಡು ಮೂಲೆಗಳನ್ನು ಅಮ್ಮ ನಮಗೆ ಬಿಟ್ಟುಕೊಟ್ಟಳು. ಎಡಗಡೆ ನನ್ನ ಕೆಂಪು ಹೂವು, ಅಳೆದು ಸುರಿದು ಹಾಕಿದ್ದು. ಬಲಗಡೆ ಅವಳ ಹಳದಿ ಹೂವು. ಅದಕ್ಕೆ ಒಂದು ಎಸಳು ಕಡಿಮೆ, ಸಾಲದ್ದಕ್ಕೆ ಇಡೀ ಹೂವು ಒಂದು ಕಡೆಗೆ ವಾಲಿಕೊಂಡಿತ್ತು.

ಅಮ್ಮ ಹೋದ ಮೇಲೆ ಆ ಮನೆ ಖಾಲಿ ಮಾಡಿದೆವು. ರಜೆ ಸಿಗದೆ ಒಂದು ದಿನ ನಾನು ಹೋಗಲಿಲ್ಲ. ಅವತ್ತೇ ತಂಗಿ ಹಳೇ ಬಟ್ಟೆಯ ಗಂಟನ್ನು ಪಾತ್ರೆಯವಳಿಗೆ ಹಾಕಿ ಒಂದು ಸ್ಟೀಲ್ ಡಬರಿ ತೆಗೆದುಕೊಂಡಿದ್ದಳು. ಗಿಳಿ ಆ ಗಂಟಿನಲ್ಲಿತ್ತು.

"ಗೊತ್ತಾಗ್ಲಿಲ್ಲ ಕಣಕ್ಕ, ಸೀರೆ ಮಧ್ಯ ಸೇರ್ಕೊಂಡಿತ್ತು" ಎಂದಳು.

"ಬಿಟ್ರೆ ಅಮ್ಮನ್ನೂ ಗಂಟು ಕಟ್ಟಿ ಕೊಟ್ಬಿಡ್ತಿದ್ದೆ ನೀನು" ಎಂದೆ.

ಅವಳು ಡಬರಿಯನ್ನು ಅಲ್ಲೇ ನೆಲದ ಮೇಲಿಟ್ಟು ಹೊರಟುಹೋದಳು. ಕವರು ಹೋಗಿದ್ದು ಅವಳಿಂದಲೇ, ಈಗಲೂ ಹೇಳುತ್ತೇನೆ. ಆಮೇಲೆ ಅವಳೂ ಫೋನ್ ಮಾಡಲಿಲ್ಲ, ನಾನೂ ಮಾಡಲಿಲ್ಲ. ಇನ್ನು ಅವಳು ಮಾತಾಡುವುದೇ ಇಲ್ಲವೇನೋ ಎನಿಸುತ್ತಿತ್ತು. ಅದಕ್ಕೂ ಏನೂ ಅನಿಸುತ್ತಿರಲಿಲ್ಲ.

ಮಕ್ಕಳಿಗೆ ಮಾತ್ರ ಈ ಜಗಳ ಅಂಟಲಿಲ್ಲ. ನನ್ನ ಮಗಳೂ ಅವಳ ಮಗಳೂ ಮನೆ ಕಟ್ಟುವ ಒಂದು ಗೇಮ್‌ನಲ್ಲಿ ದಿನವೂ ಸೇರುತ್ತಿದ್ದರು. ಇವಳು ಇಲ್ಲಿ ಟ್ಯಾಬ್ ಹಿಡಿದು, ಅವಳು ಅಲ್ಲಿ ಅಮ್ಮನ ಫೋನ್ ಹಿಡಿದು, ಇಬ್ಬರಿಗೂ ಸೇರಿ ಒಂದೇ ಮನೆ ಕಟ್ಟಿದ್ದರು. ಒಂದು ಭಾನುವಾರ ಮಗಳು ಕರೆದು ತೋರಿಸಿದಳು. ಆ ಮನೆಯ ಗೋಡೆಗೆ ಬೋರ್ಡು ಹಾಕಿ ಅದರಲ್ಲಿ ಬರೆಯಬಹುದು. ಅಕ್ಷರದ ಬದಲು ಬರೀ ತುಂಬಿದ ಚೌಕಗಳನ್ನು ಸಾಲಾಗಿ ಬರೆದು, ಅವುಗಳ ಮೊದಲು ಬ್ರಾಕೆಟ್ಟಿನಲ್ಲಿ ಬಣ್ಣದ ಹೆಸರು ಹಾಕಿದರೆ, ಚೌಕಗಳಿಗೆ ಆ ಬಣ್ಣ ಬರುತ್ತದೆ. ಹಾಗೆ ಅವಳು ಒಂದು ಕಲ್ಲಂಗಡಿ ಹೋಳು ಮಾಡಿದ್ದಳು.

"ಇದು ಕ್ರಾಸ್ ಸ್ಟಿಚ್ ಅಲ್ವೇನೇ?" ಎಂದೆ.

"ಅಯ್ಯೋ ಅಮ್ಮಾ, ಪಿಕ್ಸೆಲ್ ಆರ್ಟ್ ಇದು" ಎಂದು ತಿದ್ದಿದಳು.

ಆಸೆಯೇನೂ ಹುಟ್ಟಲಿಲ್ಲ. ಮಾಡಲು ಬೇರೇನೂ ಇಲ್ಲವೆಂದು ಕೂತೆ, ಕೂತಾಗ ಅದೇ ಗೋಡೆಗೆ ಇನ್ನೊಂದು ಬೋರ್ಡು ಹಾಕಿ ಗಿಳಿಯನ್ನೇ ಹಾಕಿದೆ. ಮೇಲಿನಿಂದ ಸಾಲು ಸಾಲಾಗಿ ಬರೆದುಕೊಂಡು ಹೋದರೆ ಆಯಿತು, ಯೋಚನೆ ಬೇಕಿಲ್ಲ. ಕೆಲಸದಿಂದ ಬಂದು, ಕುಕ್ಕರ್ ಇಟ್ಟು, ಅದು ಕೂಗುವ ತನಕ ಎರಡು ಸಾಲು. ಬಾಲ ಎಷ್ಟು ಉದ್ದ, ಕೊಕ್ಕು ಎಲ್ಲಿ ಬಾಗುತ್ತದೆ, ಎಲ್ಲ ಕೈಗೇ ಗೊತ್ತಿತ್ತು. ನನ್ನ ಹೂವನ್ನೂ ಹಾಕಿದೆ. ಅವಳ ಹೂವನ್ನೂ ವಾಲಿಸಿಯೇ ಹಾಕಿದೆ.

ಕೊನೆಗೆ ಕಣ್ಣು ಹಾಕಲು ಹೋದರೆ ಬೋರ್ಡು ತುಂಬಿದೆ ಎಂದು ಬಂತು. ಒಂದು ಬೋರ್ಡಿಗೆ ಇಂತಿಷ್ಟೇ ಅಕ್ಷರ, ಬಣ್ಣದ ಹೆಸರಿನ ಅಕ್ಷರಗಳೂ ಆ ಲೆಕ್ಕದಲ್ಲೇ. ಒಂದೇ ಬಣ್ಣ ಉದ್ದಕ್ಕೆ ಹೋದರೆ ಅಗ್ಗ. ನಡುವೆ ಒಂದು ಚೌಕಕ್ಕೆ ಬಣ್ಣ ಬದಲಿಸಿದರೆ ಬಹಳ ದುಬಾರಿ, ಹೊಸ ಬಣ್ಣದ ಹೆಸರು ಬರೆದು, ಮರುಚೌಕಕ್ಕೆ ಮತ್ತೆ ಹಳೇ ಬಣ್ಣದ ಹೆಸರು ಬರೆಯಬೇಕು. ಹಸಿರು ತಲೆಯಲ್ಲಿ ಆ ಒಂದು ಮರೂನ್ ಹೊಲಿಗೆಗೆ ಜಾಗವಿರಲಿಲ್ಲ. ಒಂದು ಹೂವು ತೆಗೆದರೆ ಜಾಗವಾಗುತ್ತಿತ್ತು. ಅವಳದನ್ನು ತೆಗೆದರೆ ಜಗಳ ಮುಂದುವರಿಸಿದ ಹಾಗೆ. ನನ್ನದನ್ನು ತೆಗೆಯಲು ಮನಸ್ಸಾಗಲಿಲ್ಲ. ಕಣ್ಣನ್ನೇ ಬಿಟ್ಟೆ. ಗಿಳಿ ಕುರುಡಾಗಿ ಗೋಡೆಯ ಮೇಲೆ ಕೂತಿತು. ಬೇಜಾರಾಗಲಿಲ್ಲ. ಬೇಜಾರೂ ಆಗುತ್ತಿಲ್ಲವಲ್ಲ ಎಂದು ಮಾತ್ರ ಸ್ವಲ್ಪ ಹೆದರಿಕೆಯಾಯಿತು.

ಕೆಲವು ದಿನಗಳಾದ ಮೇಲೆ ಮಗಳು ಟ್ಯಾಬ್ ಹಿಡಿದುಕೊಂಡು ಅಡುಗೆಮನೆಗೇ ಬಂದಳು.

"ಅಮ್ಮಾ, ಚಿಕ್ಕಮ್ಮ ನಿನ್ ಗಿಳಿ ಮುಟ್ಟಿದಾರೆ."

"ಚಿಕ್ಕಮ್ಮನಾ? ಅವಳ ಮಗಳಿರಬೇಕು."

"ಇಲ್ಲಮ್ಮಾ, ಚಿಕ್ಕಮ್ಮನೇ ಅಂತೆ. ನಿನ್ನೆ ಮಧ್ಯಾಹ್ನ ಫೋನ್ ಕಿತ್ಕೊಂಡು ಕೂತವ್ರು ಕೊಡ್ಲೇ ಇಲ್ವಂತೆ. ಬೋರ್ಡ್ ಫುಲ್, ಬೋರ್ಡ್ ಫುಲ್ ಅಂತ ಬರ್ತಾನೇ ಇತ್ತಂತೆ."

ಕೈ ಒರೆಸಿಕೊಂಡು ನೋಡಿದೆ. ಗಿಳಿಗೆ ಕಣ್ಣು ಬಂದಿತ್ತು, ಮರೂನ್ ಕಣ್ಣು, ಒಂದೇ ಚೌಕ. ಎಡಗಡೆ ಮೂಲೆಯಲ್ಲಿ ನನ್ನ ಕೆಂಪು ಹೂವು ಇದ್ದ ಹಾಗೆಯೇ ಇತ್ತು. ಬಲಗಡೆ ಮೂಲೆ ಖಾಲಿ. ಬೋರ್ಡು ತೆರೆದು ಬರೆದದ್ದನ್ನೆಲ್ಲ ಓದಿದೆ, ಹಳದಿ ಎಂಬ ಹೆಸರು ಎಲ್ಲೂ ಇರಲಿಲ್ಲ.

ಕೋಪ ಬಂತು. ಅಷ್ಟು ದಿನಗಳಲ್ಲಿ ಮೊದಲ ಸಲ ಏನಾದರೂ ಬಂದದ್ದೆಂದರೆ ಅದೇ. ಒಲೆ ಆರಿಸಿ ಫೋನ್ ಮಾಡಿದೆ. ಬಹಳ ಹೊತ್ತು ರಿಂಗ್ ಆಗಿ, ಆಮೇಲೆ ಎತ್ತಿದಳು.

"ನಿನ್ ಹೂವು ಯಾಕೇ ತೆಗ್ದೆ?" ಎಂದೆ.

"ಜಾಗ ಸಾಲ್ಲಿಲ್ಲ ಕಣಕ್ಕ. ಮದ್ರಾಸ್ ಐ ಇಲ್ದಿದ್ರೆ ಅದು ನಮ್ ಗಿಳಿನೇ ಅಲ್ಲ."

"ನಂದು ತೆಗೀಬೇಕಿತ್ತು, ದಡ್ಡಿ."

"ನಿಂದು ನೆಟ್ಟಗಿತ್ತಲ್ಲಕ್ಕ" ಎಂದಳು.

ಫೋನನ್ನು ಕಿವಿಗೆ ಹಿಡಿದುಕೊಂಡೇ ಅತ್ತುಬಿಟ್ಟೆ. ಅವಳು ಫೋನ್ ಇಡಲಿಲ್ಲ.