ಜೋಡಿಗಂಟಿದ ಸವಳು

ಹೊಸ್ತಿಲಾಚೆ ಬಿಡುವ ಜೋಡುಗಳ ವಿಷಯದಲ್ಲಿ ನನ್ನ ಹೆಂಡತಿಯ ಕಟ್ಟುನಿಟ್ಟು ಬಳ್ಳಾರಿಯ ಯಾವ ಕಚೇರಿಯಲ್ಲೂ ಇಲ್ಲ. ಮಳೆಗಾಲಕ್ಕೆ ಮುಂಚೆ, ಸೋರದಿರಲೆಂದು, ನಮ್ಮ ಮಣ್ಣಿನ ಮಾಳಿಗೆಗೆ ಹೊಸ ಸವಳುಮಣ್ಣು ಹೊದಿಸುತ್ತಿದ್ದಾಗ, ಮೇಲೆ ನಿಂತು ಯಜಮಾನಿಕೆ ನಡೆಸಿ ಇಳಿದುಬಂದ ನನ್ನನ್ನು ಅವಳು ಬಾಗಿಲಲ್ಲೇ ತಡೆದಳು.

"ಜೋಡು ಅಲ್ಲೇ ಬಿಡ್ರಿ. ಮ್ಯಾಲಿನ ಮಾಳಗಿ ಮನಿಯೊಳಗ ತರಬ್ಯಾಡ್ರಿ!"

ವಕೀಲನಾದರೂ ನನ್ನ ವಾದ ಮನೆಯಲ್ಲಿ ಎಂದೂ ಗೆದ್ದದ್ದಿಲ್ಲ. ತೆಪ್ಪಗೆ ಬೋಗುಣಿಯಲ್ಲಿ ಜೋಡು ತೊಳೆಯಲು ಕುಳಿತೆ. ಸಿರುಗುಪ್ಪದ ಕಡೆಯಿಂದ ಗಾಡಿಗಳಲ್ಲಿ ಬರುವ ಆ ಬಿಳಿಚು ಮಣ್ಣಿನ ಹಟವನ್ನು ನೀವು ನೋಡಬೇಕು, ಗೆಳೆಯರೇ. ನೀರು ಸುರಿದಷ್ಟೂ ಕದಡುತ್ತದೆ, ತಳಕ್ಕಿಳಿಯಲು ಒಲ್ಲೆನೆನ್ನುತ್ತದೆ. ಮಳೆಯ ಹನಿಯನ್ನು ಕೆಳಗೆ ಬಿಡದ ಈ ಜಿಗುಟಿಗಾಗಿಯೇ ಅಲ್ಲವೆ ನಾವು ಅದನ್ನು ತಲೆಯ ಮೇಲಿಟ್ಟುಕೊಂಡಿರುವುದು!

ಬೋಗುಣಿಯ ಆ ನೀರನ್ನು ನೋಡುತ್ತಿದ್ದಂತೆ, ಆಗ ನಾನು ವಕಾಲತ್ತು ಹಿಡಿದಿದ್ದ ಈರಪ್ಪ ನೆನಪಾದ. ಕುರುಗೋಡಿನ ಈ ಕಲ್ಲುಕುಟಿಗ ಕೌಲ್ ಬಜಾರಿನ ಸಾಹುಕಾರರೊಬ್ಬರಿಗೆ ಒರಳು ಕೊಟ್ಟುಹೋಗಲು ಬಂದಿದ್ದ. ಅಂದೇ ಯಾರೋ ಮಾಳಿಗೆಯ ಬೆಳಕಿಂಡಿಯಿಂದ ಆ ಮನೆಗಿಳಿದು ಒಡವೆ ಕದ್ದಿದ್ದರು. ಈರಪ್ಪನ ಧೋತರದ ತುಂಬ ಬಿಳಿ ಧೂಳಿತ್ತು. ಮಾಳಿಗೆಯ ಸವಳೇ ಅದೆಂದು ಪೊಲೀಸರು ಅವನನ್ನು ಹಿಡಿದು, ಧೋತರಕ್ಕೆ ಮೊಹರು ಹಾಕಿದರು. ಬೇರೆ ಸಾಕ್ಷಿಯಿಲ್ಲದಿದ್ದರೂ ಜೈಲಿಗೆ ಕಳಿಸಲು ಅಷ್ಟೇ ಸಾಕಿತ್ತು. ಅವನ ತಾಯಿ ನಮ್ಮ ಜಗಲಿ ಬಿಟ್ಟು ಕದಲಿರಲಿಲ್ಲ.

"ನನ್ನ ಮಗ ಕಲ್ಲು ಕಡಿಯಾಂವರಿ ಯಪ್ಪಾ, ಕಳ್ಳ ಅಲ್ಲ. ಹೆಂಗರ ಮಾಡಿ ಬಿಡಿಸ್ರಿ."

ವಿಚಾರಣೆಯ ದಿನ ಮ್ಯಾಜಿಸ್ಟ್ರೇಟ್ ದೊರೆಯ ಮೇಜಿನ ಮೇಲೆ ಎರಡು ಗಾಜಿನ ಲೋಟ ಇರಿಸಿದೆ. ಒಂದಕ್ಕೆ ಸಾಹುಕಾರರ ಮಾಳಿಗೆಯ ಮಣ್ಣು, ಇನ್ನೊಂದಕ್ಕೆ ಎಲ್ಲರೆದುರು ಧೋತರದಿಂದ ಝಾಡಿಸಿದ ಧೂಳು. ಎರಡಕ್ಕೂ ನೀರು ಹೊಯ್ದು ಕಲಕಿದೆ. ಕಾದೆವು. ಸವಳಿನ ನೀರು ಮಜ್ಜಿಗೆಯಂತೆ ಕದಡಿಯೇ ಉಳಿಯಿತು. ಧೂಳಿನ ನೀರು ಮಾತ್ರ ನಿಧಾನವಾಗಿ ತಿಳಿಯಾಗಿ, ತಳದಲ್ಲಿ ಕಲ್ಲಿನ ಪುಡಿ ಕೂತು, ಅದರ ನಡುವೆ ಕಾಗೆಬಂಗಾರ ಮಿನುಗಿತು.

"ಅದು ನಮ್ಮೂರ ಗುಡ್ಡದ್ದರಿ!" ಕಟಕಟೆಯಿಂದ ಈರಪ್ಪ ಕೂಗಿಯೇಬಿಟ್ಟ.

ಆ ಕಿಂಡಿಯಲ್ಲಿ ನುಸುಳಿದವನಿಗೆ ಚಿಟಿಕೆ ಸವಳಾದರೂ ಅಂಟದೆ ಇರುತ್ತದೆಯೆ, ಅಂಟಿದ್ದರೆ ಈ ನೀರು ತಿಳಿಯಾಗುತ್ತದೆಯೆ, ಎಂದು ಕೇಳಿದೆ. ದೊರೆ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು, ಮತ್ತೊಮ್ಮೆ ನೋಡಿದರು, ಈರಪ್ಪನನ್ನು ಬಿಟ್ಟರು. ಕಳ್ಳನನ್ನು ಹುಡುಕುವ ಕೆಲಸ ಮತ್ತೆ ಪೊಲೀಸರ ಪಾಲಿಗೆ ಬಂತು.

ಕೆಟ್ಟುಹೋದ ಬಾಳನ್ನು ಮಣ್ಣುಪಾಲಾಯಿತೆನ್ನುತ್ತೇವೆ. ಈ ಬಾಳನ್ನು ಮಣ್ಣೇ ಎತ್ತಿ ನಿಲ್ಲಿಸಿತ್ತು. ಮೂಕವೆಂದು ನಾವು ಕೊಡವಿ ಎಸೆಯುವ ಧೂಳು ತನ್ನ ಊರನ್ನೂ ಗುಡ್ಡವನ್ನೂ ಮರೆಯದೆ, ಪ್ರಮಾಣ ಮಾಡಿಸದೆಯೇ ನಿಜ ನುಡಿಯುತ್ತದೆ. ನಾನು ಬೀದಿಯುದ್ದಕ್ಕೂ ನಡೆಯಲಿಲ್ಲ, ಮೆರೆದೆ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಬಾಗಿಲಲ್ಲಿ ಈರಪ್ಪನ ತಾಯಿಯ ಕೈ ಹಿಡಿದು ನಿಂತಿದ್ದ ನನ್ನ ಹೆಂಡತಿ ಕಣ್ಣೊರೆಸಿಕೊಂಡು, "ಇವತ್ತೊಂದಿನ ಜೋಡು ಹಾಕ್ಕೊಂಡೇ ಒಳಗ ಬರ್ರಿ" ಎಂದಳು.

ನಾನೇ ಅವನ್ನು ಹೊಸ್ತಿಲಾಚೆ ಬಿಟ್ಟೆ. ಮಣ್ಣಿನಂಥ ಸಾಕ್ಷಿಯನ್ನು ಕಾಲಡಿ ತುಳಿಯಲು ಮನಸ್ಸಾಗಲಿಲ್ಲ.